ಕಲ್ಲಿನಾಚೆಯ ಔಷಧಿ

ನಾನು ಮದುವೆಯಾಗಿ ಬಂದ ಊರಿನಲ್ಲಿ 'ಗೊತ್ತಿಲ್ಲ' ಎಂದು ಯಾರೂ ಹೇಳುವ ಹಾಗಿಲ್ಲ. ಬಾಯಿತಪ್ಪಿ ಹೇಳಿದವರನ್ನು ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ, ಗಡಿಕಲ್ಲು ದಾಟಿಸಿ ಬಿಟ್ಟುಬರುತ್ತಾರೆ. ಕೇಳಿದ ಪ್ರಶ್ನೆಗೆ ಏನಾದರೊಂದು ಉತ್ತರ ಹೊಂದಿಸಿಕೊಂಡರೆ ವಾಪಸು ಬರಬಹುದು. ಉತ್ತರ ಸರಿಯೇ ತಪ್ಪೇ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಬೇಕಾದರೆ ವಿಚಾರಿಸುವವನಿಗೆ ಸರಿಯುತ್ತರ ಗೊತ್ತಿರಬೇಕಲ್ಲ. ಹೀಗೆ ಜನರನ್ನು ಕಲ್ಲು ದಾಟಿಸುವ ಹುದ್ದೆಗೆ ಕಲ್ಲಿನ ಅಮಲ್ದಾರಿಕೆ ಎಂದು ಹೆಸರು. ನನ್ನ ಗಂಡ ಓಂಕಾರಪ್ಪ ಆ ಹುದ್ದೆಯಲ್ಲಿದ್ದರು. ಅವರ ಅಣ್ಣ ರುದ್ರಪ್ಪ ಪುರಸಭೆಯ ಅಧ್ಯಕ್ಷರು. ಇಂಥ ಮನೆಗೆ ಹೆಣ್ಣು ಕೊಡುತ್ತಿದ್ದೇವೆಂದು ನನ್ನ ತವರಿನವರು ಹಿಗ್ಗಿದ್ದೇ ಹಿಗ್ಗಿದ್ದು.

ಈ ಊರಿನವರು ಒಳ್ಳೆಯ ಜನ ಎಂದು ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, ಮನಸ್ಸು ಒಪ್ಪಿಲ್ಲ. ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದ ಪರಸ್ಥಳದವರು ಒಬ್ಬರ ಮಾತು ನಂಬಿ ಕೆರೆ ಏರಿ ಹತ್ತುತ್ತಾರೆ, ಇನ್ನೊಬ್ಬರ ಮಾತು ನಂಬಿ ಯಾರದೋ ಹಿತ್ತಿಲಿಗೆ ಬಂದು ನಿಲ್ಲುತ್ತಾರೆ. ಹಿತ್ತಿಲಿನವರು ಬಟ್ಟೆ ಒಗೆಯುತ್ತಲೇ ಮೂರನೆಯ ದಾರಿ ತೋರಿಸುತ್ತಾರೆ. ಶಾಲೆಯಲ್ಲಿ ಖಾಲಿ ಬಿಟ್ಟ ಉತ್ತರಪತ್ರಿಕೆ ಎಂಬುದೇ ಇಲ್ಲ. ನದಿ ಎಲ್ಲಿ ಹುಟ್ಟುತ್ತದೆ ಎಂದರೆ ಮಕ್ಕಳು ತಮ್ಮ ತಾತನ ಗದ್ದೆಯ ಹೆಸರು ಬರೆದು ಬರುತ್ತಾರೆ, ಮೇಷ್ಟ್ರು ಅದಕ್ಕೆ ರೈಟು ಹಾಕುತ್ತಾರೆ. ಜ್ಯೋತಿಷಿಗಳು ಈ ಊರಿನಲ್ಲಿ ಬದುಕಲಾರದೆ ಗಂಟುಮೂಟೆ ಕಟ್ಟಿದರು. ಪ್ರತಿ ಜಗಲಿಯ ಮೇಲೂ ಒಬ್ಬ ಕೂತು ಬಿಟ್ಟಿಯಾಗಿ ಭವಿಷ್ಯ ಹೇಳುವಾಗ ಅವರ ಹತ್ತಿರ ಯಾರು ಹೋಗುತ್ತಾರೆ?

ಈ ಎಲ್ಲ ಬಲ್ಲವರ ನಡುವೆ ದೊಡ್ಡ ಬಲ್ಲವರು ಡಾಕ್ಟರ್ ಗುರುಮೂರ್ತಿ. ರೋಗಿ ಕುರ್ಚಿಯಲ್ಲಿ ಕೂರುವ ಮೊದಲೇ ಅವನ ಕಾಯಿಲೆಯ ಹೆಸರು ಹೇಳುತ್ತಿದ್ದರು. ರೋಗಿ ಬದುಕಿದರೆ 'ನಾನು ಅವತ್ತೇ ಹೇಳಿದ್ದೆ', ಸತ್ತರೆ 'ನಾನು ಅವತ್ತೇ ಅಂದುಕೊಂಡಿದ್ದೆ'. ಎರಡಕ್ಕೂ ಜನ ಕೈ ಮುಗಿಯುತ್ತಿದ್ದರು. ಸರ್ಕಾರದ ಡಾಕ್ಟರುಗಳಿಗೆ ಈ ಚಾಕಚಕ್ಯತೆ ಇರಲಿಲ್ಲ. ನನ್ನ ಮಾವನವರು ಅಮಲ್ದಾರರಾಗಿದ್ದಾಗ ಬಂದ ಒಬ್ಬ ಸರ್ಕಾರಿ ಡಾಕ್ಟರನ್ನು ದಿನಾ ಕಲ್ಲು ದಾಟಿಸಿ ದಾಟಿಸಿ ಸುಸ್ತಾದರಂತೆ. ಕೊನೆಗೆ ಸರ್ಕಾರದವರು ದೊಡ್ಡಾಸ್ಪತ್ರೆಯನ್ನೇ ಕಲ್ಲಿನಾಚೆ ಕಟ್ಟಿದರು. ಊರಿನವರು ಅತ್ತ ತಲೆ ಹಾಕುತ್ತಿರಲಿಲ್ಲ. ಗೊತ್ತಿಲ್ಲದವರ ಹತ್ತಿರ ಯಾಕೆ ಹೋಗಬೇಕು?

ನನ್ನ ಗಂಡ ಅಮಲ್ದಾರಿಕೆಯನ್ನು ಪೂಜೆಯಂತೆ ಮಾಡುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಅಂಚಿನ ಶಲ್ಯ. ತಪ್ಪು ಮಾಡಿದವರ ರಟ್ಟೆ ಹಿಡಿಯುವಾಗಲೂ ಮೃದುವಾಗಿಯೇ ಹಿಡಿಯುತ್ತಿದ್ದರು. ಅವರಿಗೆ ರಕ್ತದೊತ್ತಡ ಇತ್ತೇ? ಇದ್ದಿರಬೇಕು. ಗುರುಮೂರ್ತಿಯವರು ಒಮ್ಮೆ ನಾಡಿ ಹಿಡಿದು, 'ನಿನಗೆ ಬಿಪಿ ಬರೋ ಜಾಯಮಾನವೇ ಅಲ್ಲ ಬಿಡೋ' ಎಂದಿದ್ದರು. ಅದಾದ ಮೇಲೆ ನೋಡಿಸುವ ಮಾತೇ ಇರಲಿಲ್ಲ. ತಲೆನೋವು ಬಂದಾಗ ನಾನು ಕೇಳಿದರೆ, 'ಬಿಸಿಲಿಗೆ' ಎನ್ನುತ್ತಿದ್ದರು. ಮೋಡ ಕವಿದ ದಿನವೂ ಬಿಸಿಲಿಗೇ.

ಅವತ್ತು ಅವರು ಶಾಲೆಯ ಪ್ರಮೀಳಾ ಎಂಬ ಟೀಚರೊಬ್ಬಳನ್ನು ಕಲ್ಲಿನ ಕಡೆಗೆ ಕರೆದೊಯ್ಯುತ್ತಿದ್ದರು. ಸಮುದ್ರದ ನೀರು ಯಾಕೆ ಉಪ್ಪು ಎಂದು ಮಗುವೊಂದು ಕೇಳಿದ್ದಕ್ಕೆ ಆ ಹುಡುಗಿ ಆ ಮಾತು ಅಂದುಬಿಟ್ಟಿದ್ದಳು. ಮಾರ್ಕೆಟ್ಟಿನ ಹತ್ತಿರ ಇವರ ಬಲಗಾಲಿನ ಚಪ್ಪಲಿ ಕಳಚಿಕೊಂಡಿತು. ಇವರಿಗೆ ಅದರ ಪರಿವೆಯೇ ಇಲ್ಲ, ಬರಿಗಾಲಲ್ಲಿ ನಡೆದರು. ಪ್ರಮೀಳಾ 'ಸರ್, ಚಪ್ಪಲಿ' ಎಂದಳಂತೆ. ಅವಳ ಕಡೆ ತಿರುಗಿದ ಮುಖದಲ್ಲಿ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು. ಅವಳ ರಟ್ಟೆ ಹಿಡಿದಿದ್ದ ಕೈ ಜಾರಿ, ಅಲ್ಲೇ ತರಕಾರಿ ಬುಟ್ಟಿಗಳ ಮೇಲೆ ಕುಸಿದುಬಿದ್ದರು.

ನಾನು ಓಡಿ ಬರುವ ಹೊತ್ತಿಗೆ ಊರಿನ ಜ್ಞಾನವೆಲ್ಲ ಅವರ ಸುತ್ತ ನೆರೆದಿತ್ತು. ಒಬ್ಬ ಪಿತ್ತ ಎಂದ. ಒಬ್ಬ ದೃಷ್ಟಿ ಎಂದ. ಒಬ್ಬಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಿದ್ದಳು. ಇನ್ನೊಬ್ಬ ಕೈಗೆ ಕಬ್ಬಿಣದ ಬೀಗದ ಕೈ ತುರುಕುತ್ತಿದ್ದ, ಇವರ ಬೆರಳು ಮಡಚುತ್ತಿರಲಿಲ್ಲ. ಇವರು ವಾಂತಿ ಮಾಡಿಕೊಂಡು ಗೊರಗೊರ ಉಸಿರಾಡುತ್ತಿದ್ದರು. ಅಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು, ಗುರುಮೂರ್ತಿಯವರ ಆಗಮನವಾಯಿತು.

"ಲಕ್ವ," ಎಂದರು ನಿಂತಲ್ಲಿಂದಲೇ. "ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿದೆ. ರಕ್ತ ತೆಳ್ಳಗೆ ಮಾಡೋ ಮಾತ್ರೆ ಇದೆ, ಪುಡಿ ಮಾಡಿ ನೀರಲ್ಲಿ ಕುಡಿಸಿ. ಸಂಜೆಗೆ ಎದ್ದು ಓಡಾಡ್ತಾನೆ."

"ಡಾಕ್ಟ್ರೇ, ಉಸಿರೇ ಸಿಗ್ತಿಲ್ಲ ಅವರಿಗೆ. ಕುಡಿಸಿದ್ರೆ ನೆತ್ತಿಗೆ ಹತ್ತುತ್ತೆ," ಎಂದೆ.

"ನೀನು ಹೊರಗಿಂದ ಬಂದೋಳು, ಸುಮ್ನಿರಮ್ಮ. ನನಗೆ ಗೊತ್ತು."

ಅವರು ಲೋಟ ಬಾಯಿಗೆ ಹಿಡಿದಾಗ ನಾನು ಅದನ್ನು ತಳ್ಳಿಬಿಟ್ಟೆ. ದೊಡ್ಡ ತಿಳಿವಳಿಕೆಯಿಂದ ತಳ್ಳಿದ್ದಲ್ಲ. ಉಸಿರು ಕಟ್ಟುವವರ ಬಾಯಿಗೆ ನೀರು ಹೊಯ್ಯುವುದನ್ನು ನೋಡಲಾಗಲಿಲ್ಲ, ಅಷ್ಟೇ. ಲೋಟ ಡಾಕ್ಟರ ಪಂಚೆಯ ಮೇಲೆ ಚೆಲ್ಲಿತು. ಜನ ಹೋ ಎಂದರು. ಆ ಗದ್ದಲದಲ್ಲಿ ನಾನೂ ಪ್ರಮೀಳಾಳೂ ಸೇರಿ ತರಕಾರಿ ತಂದಿದ್ದ ಗೂಡ್ಸ್ ಆಟೋಕ್ಕೆ ಇವರನ್ನು ಎತ್ತಿ ಹಾಕಿದೆವು. "ಕಲ್ಲಿನಾಚೆ ನಡಿ," ಎಂದೆ ಆಟೋದವನಿಗೆ. ಅವನು ಪುಣ್ಯಾತ್ಮ, ಅವನಿಗೆ ಆ ದಾರಿ ನಿಜವಾಗಿಯೂ ಗೊತ್ತಿತ್ತು.

ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ಡಾಕ್ಟರ್ ಲವೀನಾ. ಕರಾವಳಿ ಕಡೆಯವರು, ಪುಸ್ತಕದ ಹಾಗೆ ಮಾತಾಡುವ ತೆಳ್ಳಗಿನ ಹೆಂಗಸು. ಸ್ಕ್ಯಾನ್ ಮಾಡಿಸಿ, ಇವರಿಗೆ ಒತ್ತಡ ಇಳಿಸುವ ಔಷಧಿ ಶುರು ಮಾಡಿ, ಆಮೇಲೆ ನನ್ನನ್ನು ಒಳಗೆ ಕರೆದರು. ಅಷ್ಟು ಹೊತ್ತಿಗೆ ಭಾವ ರುದ್ರಪ್ಪನವರೂ ಗುರುಮೂರ್ತಿಯವರೂ ಬೆನ್ನಿಗೆ ಬಂದು ತಲುಪಿದ್ದರು. ಗೋಡೆಯ ಮೇಲೆ ಬೆಳಗುತ್ತಿದ್ದ ಚಿತ್ರದಲ್ಲಿ ಎಡಗಡೆ ನಿಂಬೆಹಣ್ಣಿನಷ್ಟು ಬೆಳ್ಳನೆಯ ಕಲೆ.

"ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತ ಸೋರಿದೆ," ಎಂದರು ಲವೀನಾ.

"ಅಂದ್ರೆ ಹೆಪ್ಪುಗಟ್ಟಿದೆ. ನಾನು ಹೇಳಿದ್ದೂ ಅದನ್ನೇ," ಎಂದರು ಗುರುಮೂರ್ತಿ.

"ಅಲ್ಲ ಸರ್. ರಕ್ತನಾಳ ಕಟ್ಟಿಕೊಳ್ಳುವುದು ಬೇರೆ, ಒಡೆಯುವುದು ಬೇರೆ. ಇವರಿಗೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ಏನಾದರೂ ಕೊಟ್ಟಿದ್ದೀರಾ?"

ಗುರುಮೂರ್ತಿಯವರು ಕಿಟಕಿಯಾಚೆ ನೋಡಿದರು. "ಇಲ್ಲ, ನನ್ನ ಪಂಚೆ ಕುಡೀತು" ಎನ್ನಬಹುದಿತ್ತು. ನಾನೇ "ಕೊಟ್ಟಿಲ್ಲ" ಎಂದೆ.

"ಒಳ್ಳೆಯದಾಯಿತು," ಎಂದು ಲವೀನಾ ನನ್ನ ಕಡೆಗೆ ಕುರ್ಚಿ ತಿರುಗಿಸಿಕೊಂಡರು. "ಅಮ್ಮಾ, ಸೋರಿದ ರಕ್ತದಿಂದ ಆಗಿರುವ ಪೆಟ್ಟನ್ನು ವಾಪಸು ತೆಗೆಯುವುದಕ್ಕೆ ಆಗುವುದಿಲ್ಲ. ಆದರೆ ಇನ್ನು ಕೆಲವು ದಿನ ಅದರ ಸುತ್ತಲಿನ ಮೆದುಳು ಊದಿಕೊಳ್ಳುತ್ತದೆ. ಆ ಊತದಿಂದ ಇನ್ನಷ್ಟು ಹಾನಿ ಆಗಬಹುದು. ಅದನ್ನು ತಡೆಯಬಹುದೇನೋ ಎಂಬ ಒಂದು ಔಷಧಿಯ ಮೇಲೆ ಇಲ್ಲಿ ಅಧ್ಯಯನ ನಡೆಯುತ್ತಿದೆ. ನೀವು ಒಪ್ಪಿದರೆ ಮಾತ್ರ ಇವರನ್ನು ಸೇರಿಸಿಕೊಳ್ಳುತ್ತೇವೆ. ಒಪ್ಪದಿದ್ದರೂ ಉಳಿದೆಲ್ಲ ಚಿಕಿತ್ಸೆ ಹೀಗೇ ನಡೆಯುತ್ತದೆ."

"ಆ ಔಷಧಿ ಕೆಲಸ ಮಾಡುತ್ತಾ?" ಎಂದರು ಭಾವ.

"ಗೊತ್ತಿಲ್ಲ."

ಭಾವ ಬೆಚ್ಚಿದರು. ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿ ಅಮಲ್ದಾರರನ್ನು ಹುಡುಕಿದರು. ಅಮಲ್ದಾರರು ಪಕ್ಕದ ಕೋಣೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದರು.

ಲವೀನಾ ಮುಂದುವರಿಸಿದರು. ಸೇರಿದವರಲ್ಲಿ ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ನೋಡಲು ಹಾಗೆಯೇ ಇರುವ ಬರಿಯ ಉಪ್ಪುನೀರು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ. ಅಧ್ಯಯನ ಮುಗಿಯುವ ತನಕ ನಮಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ.

ಗುರುಮೂರ್ತಿಯವರಿಗೆ ಹೋಗಿದ್ದ ಜೀವ ಬಂತು. "ಕೇಳಿದ್ರಾ ರುದ್ರಪ್ಪೋರೇ! ಹಾಕೋದು ಔಷಧಿನೋ ಉಪ್ಪುನೀರೋ ಅಂತ ಹಾಕೋರಿಗೇ ತಿಳೀದಂತೆ! ನನ್ನ ಕಾಂಪೌಂಡರ್ ಇಂಥ ಮಾತಾಡಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ."

"ನನ್ನ ತಮ್ಮನ ಮೇಲೆ ಪ್ರಯೋಗ ಮಾಡ್ತೀರೇನ್ರೀ?" ಭಾವನ ದನಿ ಏರಿತು. "ಅವನೇನು ಇಲೀನಾ? ದಾಕ್ಷಾಯಣಿ, ನಡಿ, ಮನೆಗೆ ಕರ್ಕೊಂಡು ಹೋಗೋಣ."

ನಾನು ಅವರಿಗೆ ಉತ್ತರ ಕೊಡದೆ ಡಾಕ್ಟರನ್ನು ಕೇಳಿದೆ, "ಇದರಿಂದ ತೊಂದ್ರೆ ಆಗೋದುಂಟಾ?"

"ಆಗಬಹುದು. ರಕ್ತದಲ್ಲಿ ಸಕ್ಕರೆ ಇಳಿಯಬಹುದು. ಗಳಿಗೆ ಗಳಿಗೆಗೂ ನೋಡುತ್ತಿರುತ್ತೇವೆ, ಇಳಿದರೆ ನಿಲ್ಲಿಸುತ್ತೇವೆ. ನಮಗೆ ಇನ್ನೂ ತಿಳಿಯದ ತೊಂದರೆಯೂ ಇರಬಹುದು."

"ನಿಮ್ಮನೆಯೋರೇ ಹಿಂಗೆ ಮಲಗಿದ್ರೆ ಹಾಕಿಸ್ತಿದ್ರಾ?"

ಅವರು ತಕ್ಷಣ ಮಾತಾಡಲಿಲ್ಲ. ಪ್ರಶ್ನೆ ಕೇಳಿದ ಮೇಲೆ ಯೋಚನೆ ಮಾಡುವವರನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. "ಹಾಕಿಸುತ್ತಿದ್ದೆ ಅನಿಸುತ್ತದೆ. ಆದರೆ ಈ ಅಧ್ಯಯನ ನನ್ನ ಕೆಲಸ ಅಮ್ಮಾ, ನನಗೆ ಅದರ ಮೇಲೆ ಆಸೆ ಇರುತ್ತದೆ. ನನ್ನ ಮಾತಿನ ಮೇಲೆ ತೀರ್ಮಾನ ಮಾಡಬೇಡಿ."

ಅವರ ಮೇಲೆ ನನಗೆ ಭಕ್ತಿಯೇನೂ ಉಕ್ಕಲಿಲ್ಲ. ಮುಂದಿಟ್ಟ ಒಪ್ಪಿಗೆ ಪತ್ರ ಮದುವೆ ಅಡುಗೆಯ ಪಟ್ಟಿಗಿಂತ ಉದ್ದವಿತ್ತು, ಸಹಿ ಮಾಡಲು ಕೊಟ್ಟ ಪೆನ್ನಿನ ಮೇಲೆ ಔಷಧಿ ಕಂಪನಿಯ ಹೆಸರು ಹೊಳೆಯುತ್ತಿತ್ತು. ಅದನ್ನು ಪಕ್ಕಕ್ಕಿಟ್ಟು ನರ್ಸಿನ ಪೆನ್ನು ಕೇಳಿ ಇಸಿದುಕೊಂಡೆ. ಆದರೂ ಒಂದು ಮಾತು. ಈ ಹೆಂಗಸು ಗೊತ್ತಿರುವುದು ಇಷ್ಟು, ಗೊತ್ತಿಲ್ಲದ್ದು ಇಷ್ಟು ಎಂದು ನನ್ನ ಮುಂದೆ ಎರಡು ಗುಡ್ಡೆ ಮಾಡಿಟ್ಟಿದ್ದರು. ಈ ಊರಿಗೆ ಬಂದ ಮೇಲೆ ಯಾರೂ ನನಗೆ ಆ ಮರ್ಯಾದೆ ಕೊಟ್ಟಿರಲಿಲ್ಲ.

"ಪ್ರಯೋಗ ಅಂತೀರಲ್ಲ ಭಾವ," ಎಂದೆ ಸಹಿ ಹಾಕುತ್ತಾ. "ಗುರುಮೂರ್ತಿ ಡಾಕ್ಟ್ರು ಇಷ್ಟು ವರ್ಷದಿಂದ ಊರೋರ ಮೇಲೆಲ್ಲ ಪ್ರಯೋಗ ಮಾಡ್ತಾನೇ ಇದಾರೆ. ಏನಾಯ್ತು ಅಂತ ನೋಡೋದಿಲ್ಲ, ಅಷ್ಟೇ."

ಭಾವ ಅಂದಿನಿಂದ ಬಹಳ ದಿನ ನನ್ನ ಜೊತೆ ಮಾತು ಬಿಟ್ಟರು. ಕಿವಿಗೆ ಆರಾಮವಾಯಿತು.

ಬಾಟಲಿಯಿಂದ ಔಷಧಿಯೋ ಉಪ್ಪುನೀರೋ ಹಗಲೂ ರಾತ್ರಿ ಇವರ ಮೈಗೆ ಹನಿ ಹನಿಯಾಗಿ ಇಳಿಯಿತು. ಇತ್ತ ಊರು ಎರಡು ಪಕ್ಷವಾಯಿತು. ಔಷಧಿ ಪಕ್ಷದವರು ಬಾಟಲಿಯ ನೀರಿಗೆ ತಿಳಿ ಹಳದಿ ಬಣ್ಣವಿದೆ ಎಂದರು. ಉಪ್ಪುನೀರಿನ ಪಕ್ಷದವರು ಅದು ಕೊಳೆಯ ಬಣ್ಣ ಎಂದರು. ಕಲ್ಲಿನಾಚೆ ಕಾಲಿಡದಿದ್ದವರೆಲ್ಲ ಈಗ ನೋಡಲು ಬಂದರು, ನೋಡಿದ್ದು ಮಾತ್ರ ರೋಗಿಯನ್ನಲ್ಲ, ಬಾಟಲಿಯನ್ನು. ನನ್ನ ಗಂಡನ ಸೋದರಮಾವನೊಬ್ಬ ನರ್ಸ್ ಅತ್ತ ತಿರುಗಿದಾಗ ನಳಿಕೆಯ ಸಂದಿಯಲ್ಲಿ ಒಸರಿದ ಹನಿಯನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಹಚ್ಚಿಕೊಂಡು, "ಉಪ್ಪೇ. ಸಾರಿಗೆ ಹಾಕೋ ಉಪ್ಪು," ಎಂದು ತೀರ್ಪು ಕೊಟ್ಟ. ನರ್ಸ್ ಅವನನ್ನು ಕುತ್ತಿಗೆ ಹಿಡಿದು ದಬ್ಬುವುದೊಂದು ಬಾಕಿ. ಹೊರಗೆ ಹೋದವನು ಊರಿಗೆಲ್ಲ ರುಚಿಯ ವರದಿ ಒಪ್ಪಿಸಿದ.

ಇವರು ಕಣ್ಣು ಬಿಟ್ಟರು. ಆಮೇಲೆ ಎಡಗೈಯಲ್ಲಿ ನನ್ನ ಬೆರಳು ಹಿಡಿದರು. ಆಮೇಲೆ ಬಲಗಾಲು ಹಾಸಿಗೆಯ ಮೇಲೆ ಸ್ವಲ್ಪ ಸರಿಯಿತು. ಮಾತು ಮಾತ್ರ ಬರಲಿಲ್ಲ. ಬಂದಾಗ ತಪ್ಪಿ ತಪ್ಪಿ ಬಂತು. ಒಂದು ಮಧ್ಯಾಹ್ನ ಬಾಯಾರಿ ನನ್ನ ಕಡೆ ನೋಡಿ "ಏಣಿ" ಎಂದರು. ಅರ್ಥವಾಗಲಿಲ್ಲ. "ಏಣಿ, ಏಣಿ" ಎಂದು ಗಟ್ಟಿಯಾಗಿ ಹೇಳಿದರು. ನಾನು ದಿಂಬು ಎತ್ತರಿಸಿದೆ, ಕಿಟಕಿ ತೆಗೆದೆ, ಹೊದಿಕೆ ಹೊದಿಸಿದೆ. ಕೊನೆಗೆ ಅವರ ಕಣ್ಣು ನೀರಿನ ಲೋಟದ ಮೇಲೆ ನಿಂತಾಗ ತಿಳಿಯಿತು. ನೀರು ಕುಡಿಸಿದೆ. ಕುಡಿಯುತ್ತಲೇ ಅತ್ತುಬಿಟ್ಟರು. ತಾವು ಕೇಳಿದ್ದು ಒಂದು, ಬಾಯಿಂದ ಬಂದದ್ದು ಇನ್ನೊಂದು ಎಂಬುದು ಅವರ ಕಿವಿಗೇ ಕೇಳಿಸಿತ್ತು. ಆಮೇಲಿಂದ ಸರಿಯಾದ ಮಾತು ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳುತ್ತಿರಲಿಲ್ಲ. ನಮ್ಮ ಊರಿನಲ್ಲಿ ಹುಟ್ಟಿ ಬೆಳೆದವನೊಬ್ಬ ಇದನ್ನು ಕಲಿಯಬೇಕಾದರೆ ಮೆದುಳಿನಲ್ಲಿ ರಕ್ತನಾಳವೇ ಒಡೆಯಬೇಕಾಯಿತು.

ಕೋಲು ಊರಿಕೊಂಡು ನಡೆಯುವಂತಾದ ಮೇಲೆ ಮನೆಗೆ ಕರೆತಂದೆ. ಅಧ್ಯಯನಕ್ಕೆಂದು ಗೊತ್ತುಮಾಡಿದ ದಿನಕ್ಕೆ ಡಾಕ್ಟರ್ ಲವೀನಾ ಪರೀಕ್ಷೆ ಮಾಡಲು ಮನೆಗೇ ಬಂದರು. ಭಾವ ಅದನ್ನು ಹೇಗೋ ತಿಳಿದು, ಗುರುಮೂರ್ತಿಯವರನ್ನೂ ಅರ್ಧ ಪುರಸಭೆಯನ್ನೂ ಒಂದು ಹೂವಿನ ಹಾರವನ್ನೂ ತಂದು ನಮ್ಮ ಜಗಲಿ ತುಂಬಿಸಿದರು. ಪರೀಕ್ಷೆ ಮುಗಿಯುತ್ತಲೇ ಹಾರ ಹಾಕಿ ತಮ್ಮನನ್ನು ಮತ್ತೆ ಅಮಲ್ದಾರಿಕೆಗೆ ಕೂರಿಸುವ ಏರ್ಪಾಡು. ಇದು ರೋಗಿಯ ಖಾಸಗಿ ವಿಷಯ, ಎಲ್ಲರೂ ಹೊರಗೆ ಹೋಗಿ ಎಂದು ಲವೀನಾ ಬೇಡಿಕೊಂಡರು. ನಮ್ಮವರು ಒಂದು ಹೆಜ್ಜೆ ಹಿಂದೆ ಸರಿದು ಎರಡು ಹೆಜ್ಜೆ ಮುಂದೆ ಬಂದರು.

ಕೈ ಎತ್ತಿಸಿದರು, ನಡೆಸಿದರು, ಬೆರಳು ಮುಟ್ಟಿಸಿದರು. ಆಮೇಲೆ ಚೀಲದಿಂದ ಒಂದೊಂದೇ ವಸ್ತು ತೆಗೆದು ಇದೇನು ಎಂದು ಕೇಳಿದರು. ಚಮಚ ತೋರಿಸಿದಾಗ ಇವರು ತಡೆದು ತಡೆದು "ಚ... ಚಮಚ" ಎಂದರು. ಜಗಲಿಯವರು ಚಪ್ಪಾಳೆ ತಟ್ಟಿದರು. ಪೆನ್ನು ತೋರಿಸಿದಾಗಲೂ ಹೇಳಿದರು. ಆಮೇಲೆ ಒಂದು ಬಾಚಣಿಗೆ ತೆಗೆದರು.

ಇವರು ಅದನ್ನು ನೋಡಿದರು. ಎಡಗೈ ತಾನಾಗಿಯೇ ತಲೆಯತ್ತ ಹೋಗಿ ಕೂದಲು ಸವರಿತು. ಯಾವುದಕ್ಕೆ ಬಳಸುವುದೆಂದು ತಿಳಿದಿತ್ತು, ಹೆಸರು ಸಿಗುತ್ತಿರಲಿಲ್ಲ. ತುಟಿ ಮುಚ್ಚಿ ತೆರೆದು ಮಾಡಿದರು. ಹಣೆಯ ಮೇಲೆ ಬೆವರು ಮೂಡಿತು.

ಭಾವ ಬಗ್ಗಿ ಪಿಸುಗುಟ್ಟಿದರು. "ಏನಾದ್ರೂ ಅನ್ನೋ ಓಂಕಾರಿ. ಕುಡುಗೋಲು ಅನ್ನು, ಸೌಟು ಅನ್ನು. ಯಾವನು ಕೇಳ್ತಾನೆ?"

ನನ್ನ ಗಂಡ ಅಣ್ಣನ ಮುಖ ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ, ಒಂದಕ್ಷರವೂ ತೊದಲದೆ ಹೇಳಿದರು:

"ಗೊತ್ತಿಲ್ಲ."

ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ಅಷ್ಟು ಸ್ಪಷ್ಟವಾಗಿ ಬಂದ ಮಾತು ಅದೇ ಮೊದಲು. "ಪರವಾಗಿಲ್ಲ, ಚೆನ್ನಾಗಿ ಹೇಳಿದಿರಿ," ಎಂದು ಲವೀನಾ ಬರೆದುಕೊಂಡರು.

ಮೊದಲು ಚೇತರಿಸಿಕೊಂಡವರು ಗುರುಮೂರ್ತಿ. "ಗೊತ್ತಿದೆ ಅಂದ. ನಾಲಿಗೆ ಹೊರಳಲಿಲ್ಲ ಪಾಪ, ನನಗೆ ಕೇಳಿಸ್ತು." ಪುರಸಭೆಯವರು ಹೌದು ಹೌದು ಎಂದರು. ಭಾವ, "ಹುಷಾರಿಲ್ದೋರ ಮಾತು ಲೆಕ್ಕಕ್ಕಿಲ್ಲ," ಎಂದು ಅಲ್ಲೇ ಒಂದು ಕಾನೂನು ಮಾಡಿದರು. ಅಷ್ಟರಲ್ಲಿ ಇವರು ಕೋಲು ಹುಡುಕಿ ಎದ್ದು ನಿಂತಿದ್ದರು. ಎಡಗೈಯಿಂದ ತಮ್ಮದೇ ಬಲರಟ್ಟೆಯನ್ನು ಒಮ್ಮೆ ಹಿಡಿದು ನೋಡಿದರು. ಹಾಗೆ ಹಿಡಿದರೆ ಕೋಲು ಹಿಡಿಯಲಾಗುವುದಿಲ್ಲ ಎಂದು ತಿಳಿದು ಬಿಟ್ಟರು. ಜಗಲಿಯ ಮೆಟ್ಟಿಲು ಇಳಿದು ಬೀದಿಗೆ ಹೊರಟರು.

"ಎಲ್ಲಿಗೋ?" ಎಂದರು ಭಾವ.

ಇವರು ಕೋಲಿನಿಂದ ಗಡಿಕಲ್ಲಿನ ದಿಕ್ಕು ತೋರಿಸಿದರು.

ಆರಾಮಾಗಿದ್ದ ಮೈಗೆ ಅದು ನಾಲ್ಕು ಹೆಜ್ಜೆಯ ದಾರಿ. ಎಳೆಯುವ ಕಾಲಿಗೆ ದಂಡಯಾತ್ರೆ. ಮಾರ್ಕೆಟ್ಟಿನಲ್ಲಿ ಜನ ವ್ಯಾಪಾರ ಬಿಟ್ಟು ನೋಡಿದರು. ಇವರ ಕೈಯಲ್ಲಿ ರಟ್ಟೆ ಹಿಡಿಸಿಕೊಂಡು ಇದೇ ದಾರಿಯಲ್ಲಿ ಹೋಗಿದ್ದವರು ಅಲ್ಲಿ ಎಷ್ಟೋ ಜನರಿದ್ದರು. ಕೆಲವರು ತಲೆ ತಗ್ಗಿಸಿದರು, ಕೆಲವರು ಹಲ್ಲು ಕಿರಿದರು. ನಾನು ಒಂದು ಪಕ್ಕ ನಡೆದೆ, ಡಾಕ್ಟರ್ ಲವೀನಾ ಇನ್ನೊಂದು ಪಕ್ಕ. ಭಾವ ಹಾರ ಹಿಡಿದುಕೊಂಡೇ ಹಿಂದೆ ಓಡಿಬಂದು, "ಒಂದು ಉತ್ತರ ಹೇಳಿ ವಾಪಸ್ ಬಾರೋ, ಮರ್ಯಾದೆ ತೆಗೀಬೇಡ," ಎಂದು ಕಲ್ಲಿನವರೆಗೂ ಗೋಗರೆದರು. ಕಲ್ಲು ದಾಟಿದ ಮೇಲೆ ಇವರು ಅದಕ್ಕೇ ಒರಗಿ ಕೂತು ಸುಧಾರಿಸಿಕೊಂಡರು. ಮುಖದಲ್ಲಿ ಅವಮಾನದ ಸುಳಿವೇ ಇರಲಿಲ್ಲ. ಹಸಿವಾಗಿತ್ತು, ಅಷ್ಟೇ.

ಆಸ್ಪತ್ರೆಯ ಹಿಂದೆ ಖಾಲಿ ಬಿದ್ದಿದ್ದ ಒಂದು ಕೋಣೆ ಸಿಕ್ಕಿತು. ನಾನು ಅಲ್ಲಿನ ಕ್ಯಾಂಟೀನಿನಲ್ಲಿ ಅಡುಗೆಗೆ ಸೇರಿದೆ. ನನ್ನ ಸಾರು ತಿಂದ ನರ್ಸುಗಳು ಚೆನ್ನಾಗಿದೆ ಎಂದಾಗ ನನಗೆ ನಂಬಿಕೆ ಬರಲು ಸ್ವಲ್ಪ ಕಾಲ ಹಿಡಿಯಿತು. ಒಮ್ಮೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ಇವರು ಇದ್ದಕ್ಕಿದ್ದಂತೆ "ಬಾಚಣಿಗೆ!" ಎಂದು ಕೂಗಿದರು. ಇಬ್ಬರೂ ನಕ್ಕೆವು. "ಉತ್ತರ ಸಿಕ್ತಲ್ಲ, ಊರೊಳಗೆ ಹೋಗೋಣವಾ?" ಎಂದೆ. ಅವರು ಬಹಳ ಹೊತ್ತು ಯೋಚಿಸಿ, "ಬೇಡ. ಇನ್ನೂ... ಸುಮಾರು ಇದೆ," ಎಂದರು. ಹೆಸರು ಸಿಗದ ವಸ್ತುಗಳು ಇನ್ನೂ ಸುಮಾರು ಇವೆ ಎಂದು. ಹಗಲೆಲ್ಲ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕೂರುತ್ತಿದ್ದರು. ತಮ್ಮವರನ್ನು ಒಳಗೆ ಮಲಗಿಸಿ ಹೊರಗೆ ಕೂತವರು 'ನಮ್ಮೋರು ಉಳೀತಾರಾ?' ಎಂದು ಗಾಳಿಯನ್ನು ಕೇಳಿದರೆ, ಇವರು ಸುಮ್ಮನೆ ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುತ್ತಿದ್ದರು.

ಅಧ್ಯಯನ ಮುಗಿದ ಮೇಲೆ ಲವೀನಾ ಎಲ್ಲ ಮನೆಯವರನ್ನೂ ಕರೆಸಿ ಫಲಿತಾಂಶ ಹೇಳಿದರು. ಭಾವ ಮುಂದಿನ ಸಾಲಿನಲ್ಲೇ ಕೂತರು. ಬೇರೆ ಬೇರೆ ಊರುಗಳ ನೂರಾರು ರೋಗಿಗಳನ್ನು ನೋಡಿದ್ದಾಯಿತು. ಔಷಧಿ ಹಾಕಿಸಿಕೊಂಡವರೂ ಉಪ್ಪುನೀರು ಹಾಕಿಸಿಕೊಂಡವರೂ ಹೆಚ್ಚುಕಮ್ಮಿ ಒಂದೇ ರೀತಿ ಚೇತರಿಸಿಕೊಂಡಿದ್ದಾರೆ. ಈ ಔಷಧಿಯಿಂದ ಉಪಯೋಗವಿಲ್ಲ. ಇಷ್ಟು ಹೇಳಿ ಕೈಯಲ್ಲಿದ್ದ ಕಾಗದಗಳನ್ನು ಮಡಿಸಿ ಪಕ್ಕಕ್ಕಿಟ್ಟರು. ಎಷ್ಟೋ ವರ್ಷದ ದುಡಿಮೆ ಇರಬೇಕು. ಆಮೇಲೆ ನಮ್ಮ ಹತ್ತಿರ ಬಂದು, ಓಂಕಾರಪ್ಪನವರಿಗೆ ಸಿಕ್ಕಿದ್ದು ನಿಜವಾದ ಔಷಧಿ ಎಂದರು.

"ಮತ್ತೆ!" ಎಂದು ಭಾವ ಎದ್ದು ನಿಂತರು. "ಇವನು ನಡೀತಾನೆ, ಮಾತಾಡ್ತಾನೆ. ಕೆಲಸ ಮಾಡಿದೆ ಅಂತಾಯ್ತಲ್ಲ!"

"ಉಪ್ಪುನೀರು ಹಾಕಿಸಿಕೊಂಡವರಲ್ಲೂ ಇಷ್ಟೇ ಜನ ನಡೆಯುತ್ತಿದ್ದಾರೆ ಸರ್."

ನನಗೂ ಭಾವನ ಮಾತೇ ಬೇಕೆನಿಸಿತು, ಸುಳ್ಳೇಕೆ. ನಾನು ಸಹಿ ಹಾಕಿ ಹಾಕಿಸಿದ ಔಷಧಿ ನನ್ನ ಗಂಡನನ್ನು ಉಳಿಸಿತು ಎಂದು ಹೇಳಿಕೊಳ್ಳುವುದು ಎಷ್ಟು ಚೆನ್ನಾಗಿರುತ್ತಿತ್ತು. ಹಾಗಾದರೆ ಇದೆಲ್ಲ ದಂಡವೇ ಎಂದು ಬಾಯಿಗೆ ಬರುವುದರಲ್ಲಿತ್ತು. ಇವರು ನನ್ನ ಕೈ ಅದುಮಿದರು.

"ಗೊತ್ತಿರ್ಲಿಲ್ಲ," ಎಂದರು ಡಾಕ್ಟರಿಗೆ. ಮುಂದಿನ ಮಾತು ಹುಡುಕಿ ತರಲು ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. "ಈಗ... ಗೊತ್ತಾಯ್ತು."

ಲವೀನಾ ಕನ್ನಡಕ ತೆಗೆದು ಒರೆಸಿಕೊಂಡರು.

ಊರೊಳಗೆ ಆ ಸುದ್ದಿ ಬೇರೆ ವೇಷದಲ್ಲಿ ಹೋಯಿತು. 'ಮೆದುಳಿನ ರಕ್ತಸ್ರಾವಕ್ಕೆ ಮದ್ದು ಕಂಡುಹಿಡಿದ ಊರು' ಎಂದು ಪುರಸಭೆಯವರು ಕಮಾನು ಕಟ್ಟಿಸಿದರು. ಗುರುಮೂರ್ತಿಯವರು ತಿಳಿ ಹಳದಿ ಬಣ್ಣದ ಒಂದು ಕಷಾಯ ತಯಾರಿಸಿದರು. ಬಣ್ಣದ ವರದಿ ಅವರಿಗೆ ಮೊದಲೇ ಸಿಕ್ಕಿತ್ತಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಗ್ಗೆ ಭಾವ ಕ್ಯಾಂಟೀನಿಗೆ ಬಂದು ಕಾಫಿ ಕೇಳಿದರು. ಕುಡಿಯಲಿಲ್ಲ. ಹಣೆಯ ಎರಡೂ ಪಕ್ಕ ಬೆರಳಿನಿಂದ ಒತ್ತಿಕೊಳ್ಳುತ್ತಾ ಕೂತಿದ್ದರು. "ಏನಾಯ್ತು ಭಾವ?" ಎಂದೆ. "ಬಿಸಿಲಿಗೆ," ಎಂದರು. ಹೊರಗೆ ಸೋನೆ ಹಿಡಿದಿತ್ತು. ನಾನು ಏನೋ ಚುಚ್ಚಿ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಇವರು ಬೆಂಚಿನಿಂದ ಎದ್ದು ಬಂದು, ಕೋಲನ್ನು ನನ್ನ ಕೈಗೆ ಕೊಟ್ಟು, ಎಡಗೈಯಿಂದ ಅಣ್ಣನ ರಟ್ಟೆ ಹಿಡಿದರು. ಮೃದುವಾಗಿಯೇ ಹಿಡಿದರು. ಅಧ್ಯಕ್ಷರು ಎದ್ದರು. ಇಬ್ಬರೂ ಒಬ್ಬರಿಗೊಬ್ಬರು ಆನಿಸಿಕೊಂಡು ಮೊಗಸಾಲೆ ದಾಟಿ ಡಾಕ್ಟರ ಕೋಣೆಗೆ ಹೋದರು, ನಾನು ಕೋಲು ಹಿಡಿದು ಹಿಂದೆ ಹೋದೆ.

ಲವೀನಾ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಮುಳ್ಳು ಏರಿದ್ದು ನೋಡಿ ಮುಖ ಗಂಭೀರವಾಯಿತು. "ತಲೆನೋವು ಯಾವಾಗಿನಿಂದ ಇದೆ ಸರ್?"

ಭಾವ ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು. ಊರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎದೆಗೆ ಗಲ್ಲ ಅಂಟಿಸಿ ಏನೋ ಗೊಣಗಿದರು.

"ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಜೋರಾಗಿ ಹೇಳಿದರು. ಹೇಳಿ ನನ್ನ ಗಂಡನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ಈಗಲೂ ತಿಂಗಳಿಗೊಮ್ಮೆ ಬಂದು ಒತ್ತಡ ನೋಡಿಸಿಕೊಂಡು, ಮಾತ್ರೆ ತೆಗೆದುಕೊಂಡು, ತಮ್ಮನ ಪಕ್ಕ ಬೆಂಚಿನ ಮೇಲೆ ಕೂತು ಹೋಗುತ್ತಾರೆ. ಊರೊಳಗೆ ಕೇಳಿದವರಿಗೆ ಆಸ್ಪತ್ರೆ ತನಿಖೆಗೆ ಹೋಗಿದ್ದೆ ಎನ್ನುತ್ತಾರಂತೆ.